ಎಂಟನೆಯ ತಾಯಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ನಾಯಿ ನನಗಿಂತ ಎತ್ತರವಿತ್ತು. ಹೀಗೆ ಬರೆದ ಮೇಲೆ ಇನ್ನೊಮ್ಮೆ ಓದಿ ನೋಡಿದೆ. ಎಂಟು ವರ್ಷದ ಹುಡುಗನಿಗಿಂತ ಎತ್ತರದ ನಾಯಿ ಎಲ್ಲಿರುತ್ತದೆ? ನನ್ನ ಸೊಂಟದವರೆಗೆ ಬರುತ್ತಿತ್ತೇನೋ. ಅದೂ ಖಚಿತವಿಲ್ಲ. ಆದ್ದರಿಂದ ಮಕ್ಕಳೇ, ನಾನು ಹೇಳುವ ಅಳತೆಗಳನ್ನು ಪೂರ್ತಿ ನಂಬಬೇಡಿ. ವಾಸನೆಗಳನ್ನು ನಂಬಬಹುದು. ಐವತ್ತು ವರ್ಷ ಆದರೂ ಅವು ಮೂಗಿನಲ್ಲೇ ಇವೆ.

ಆ ನಾಯಿಯ ಹೆಸರು ಕೆಂಚಿ. ನಮ್ಮ ಮನೆಯಲ್ಲಿ ಯಾರೂ ಕೆಂಚಿಯನ್ನು ‘ಅದು’ ಅನ್ನುತ್ತಿರಲಿಲ್ಲ, ‘ಅವಳು’ ಅನ್ನುತ್ತಿದ್ದರು. ಮದಕರಿಪುರದ ಅಂಚಿನಲ್ಲಿ ನಮ್ಮ ಮನೆ. ಮನೆಯ ಹಿಂದೆ ಜಾಲಿ ಮುಳ್ಳಿನ ಬೇಲಿ ಕಟ್ಟಿದ ರೊಪ್ಪ, ಅದರೊಳಗೆ ನಮ್ಮ ಕುರಿಗಳು. ಬೆಳಿಗ್ಗೆ ಎದ್ದರೆ ಹಿಕ್ಕೆಯ ಬಿಸಿ ವಾಸನೆ, ಒದ್ದೆ ಉಣ್ಣೆಯ ವಾಸನೆ, ಅಮ್ಮ ಹಚ್ಚಿದ ಒಲೆಯ ಹೊಗೆ, ಮೂರೂ ಸೇರಿಕೊಂಡು ಬರುತ್ತಿದ್ದವು. ಆಗ ನಮ್ಮ ಕಡೆ ತೋಳಗಳಿದ್ದವು. ಕುರುಚಲು ಗುಡ್ಡಗಳಿಂದ ಬಂದು ಮರಿಗಳನ್ನು ಕಚ್ಚಿಕೊಂಡು ಹೋಗುತ್ತಿದ್ದವು. ರೊಪ್ಪಕ್ಕೆ ಬಾಗಿಲು ಎಷ್ಟು ಮುಖ್ಯವೋ ನಾಯಿಯೂ ಅಷ್ಟೇ ಮುಖ್ಯ.

ಕೆಂಚಿ ಬೀದಿ ನಾಯಿಗಳ ಹಾಗಿರಲಿಲ್ಲ. ಉದ್ದ ಮೂತಿ, ಸಣ್ಣ ತಲೆ, ಆಳವಾದ ಎದೆ. ಸೊಂಟವಂತೂ ಅಕ್ಕನ ಎರಡು ಅಂಗೈಯಲ್ಲಿ ಹಿಡಿಯಬಹುದಾದಷ್ಟು ತೆಳ್ಳಗೆ. ಓಡುವಾಗ ಬೆನ್ನು ಬಿಲ್ಲಿನಂತೆ ಬಾಗುತ್ತಿತ್ತು. ಅಜ್ಜ ಅವಳ ಬೆನ್ನಿನ ಕೊನೆಯ ಎಲುಬುಗಳ ನಡುವೆ ಬೆರಳಿಟ್ಟು, “ಮೂರು ಬೆರಳು ಸರಿಯಾಗಿ ಕೂರ್ತವೆ ನೋಡು, ಜಾತಿ ನಾಯಿ ಅಂದ್ರೆ ಇದು” ಅನ್ನುತ್ತಿದ್ದರು. ಅಜ್ಜ ಅಂದರೆ ಅಪ್ಪನ ಅಪ್ಪ. ಅವರಿಗೆ ಓದು ಬರುತ್ತಿರಲಿಲ್ಲ. ಆದರೆ ಕೆಂಚಿಯ ವಂಶವನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದರು. “ಕೆಂಚಿ. ಕೆಂಚಿ ತಾಯಿ ಬೂದಿ. ಬೂದಿ ತಾಯಿ ಗಾಳಿ. ಗಾಳಿ ತಾಯಿ ಹಂಡಿ. ಹಂಡಿ ತಾಯಿ ಉದ್ದಿ. ಉದ್ದಿ ತಾಯಿ ಕಾಳಿ. ಕಾಳಿ ತಾಯಿ ಮುಧೋಳದೋಳು.” ಒಟ್ಟು ಏಳು ತಾಯಂದಿರು. ಮೊದಲನೆಯವಳು ಪಾಳೇಗಾರರ ಕಾಲದಲ್ಲಿ ಮುಧೋಳದ ಕಡೆಯಿಂದ ಒಬ್ಬ ಸವಾರನ ಕುದುರೆಯ ಮೇಲೆ, ಕಂಬಳಿಯ ಮಡಿಕೆಯೊಳಗೆ ಕುಳಿತು ದುರ್ಗಕ್ಕೆ ಬಂದಳಂತೆ.

ದೊಡ್ಡವನಾಗಿ ವಿಶ್ವವಿದ್ಯಾಲಯದಲ್ಲಿ ಓದುವಾಗ ನನಗೆ ಎಲ್ಲವನ್ನೂ ಲೆಕ್ಕ ಹಾಕಿ ನೋಡುವ ಚಟ ಹತ್ತಿತು. ರಜೆಗೆ ಬಂದವನು ಅಜ್ಜನ ಮುಂದೆ ಕುಳಿತು, ನಾಯಿಯ ಒಂದು ತಲೆಮಾರಿಗೆ ಐದು ವರ್ಷ ಅಂದುಕೊಂಡರೂ ಏಳು ತಾಯಂದಿರಿಗೆ ಮೂವತ್ತೈದು ವರ್ಷ, ಪಾಳೇಗಾರರು ಹೋಗಿ ಇನ್ನೂರು ವರ್ಷ, ಇದು ಹೇಗೆ ಹೊಂದುತ್ತದೆ ಎಂದು ಕೇಳಿದೆ. ಅಜ್ಜ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿದರು. “ಹಂಗಾರೆ ನಡುವೆ ಕೆಲವು ತಾಯೇರು ನಮಗೆ ಹೆಸ್ರು ಹೇಳ್ದಂಗೆ ಹೋಗ್ಯಾರೆ ಬಿಡಪ್ಪ” ಅಂದರು. ಗ್ರಂಥಾಲಯದ ಪುಸ್ತಕಗಳನ್ನೂ ನೋಡಿದೆ. ಇಂಥ ಉದ್ದ ಕಾಲಿನ ಬೇಟೆ ನಾಯಿಗಳ ಹಿರಿಯರು ದೂರದ ಮರಳುನಾಡುಗಳಿಂದ ಸೈನಿಕರ ಜೊತೆ, ಕುದುರೆ ವ್ಯಾಪಾರಿಗಳ ಜೊತೆ ಬಂದಿರಬಹುದು ಎಂದು ಬರೆದಿತ್ತು. ‘ಇರಬಹುದು’ ಎನ್ನುವ ಮಾತು ಅಲ್ಲೂ ಇತ್ತು. ಅಜ್ಜನ ಕುದುರೆ ಅಷ್ಟೇನೂ ಸುಳ್ಳಲ್ಲ ಅನ್ನಿಸಿತು.

ಈಗ ಆ ಒಂದು ದಿನದ ವಿಷಯ. ಕೆಂಚಿ ಐದು ಮರಿ ಹಾಕಿದ್ದಳು. ನಮ್ಮಲ್ಲಿ ನಾಯಿಮರಿಯನ್ನು ಮಾರುವಂತಿರಲಿಲ್ಲ. ಕೇಳಿದವರು ಒಂದು ತೆಂಗಿನಕಾಯಿ, ಎಲೆ ಅಡಿಕೆ, ತಾಯಿಗೆಂದು ಒಂದು ಸೇರು ರಾಗಿ ತಂದು, ಹೆಣ್ಣು ಕೇಳಲು ಬಂದವರ ಹಾಗೆ ಕುಳಿತುಕೊಳ್ಳಬೇಕು. ಯಾವ ಮರಿ ಮನೆಯಲ್ಲಿ ಉಳಿಯಬೇಕು, ಯಾವುದು ಹೊರಗೆ ಹೋಗಬೇಕು ಎಂದು ಮನುಷ್ಯರು ತೀರ್ಮಾನಿಸುವಂತೆಯೂ ಇರಲಿಲ್ಲ. ಇಪ್ಪತ್ತೊಂದನೆಯ ದಿನ ಮರಿಗಳನ್ನು ಗೂಡಿನಿಂದ ತಂದು ಬಯಲಿನಲ್ಲಿ ಕರಿ ಕಂಬಳಿಯ ಮೇಲೆ ಮಲಗಿಸುತ್ತಿದ್ದರು. ಆಮೇಲೆ ತಾಯಿಯನ್ನು ಬಿಡುತ್ತಿದ್ದರು. ಅವಳು ಯಾವ ಮರಿಯನ್ನು ಮೊದಲು ಬಾಯಲ್ಲಿ ಎತ್ತಿಕೊಂಡು ಗೂಡಿಗೆ ಹೋಗುತ್ತಾಳೋ ಆ ಮರಿ ಮನೆಗೆ. ಅದರ ಕೊರಳಿಗೆ ಕರಿ ಉಣ್ಣೆಯ ದಾರ. ಉಳಿದವು, ಅವಳು ಎತ್ತಿದ ಸಾಲಿನಲ್ಲೇ, ಕೇಳಿದವರಿಗೆ. ಮುದ್ದೆ ತಿನ್ನುವಷ್ಟು ದೊಡ್ಡವಾದ ಮೇಲೆ ಅವರು ಬಂದು ಒಯ್ಯುತ್ತಿದ್ದರು. ಅಲ್ಲಿಯವರೆಗೆ ಯಾವ ಮರಿಗೂ ಹೆಸರಿಡಬಾರದು. ಹೆಸರಿಟ್ಟರೆ ಆಸೆ ಬೀಳುತ್ತದೆ, ಕೊಡಲು ಮನಸ್ಸು ಬರುವುದಿಲ್ಲ ಎಂದು ಅಜ್ಜ ಹೇಳುತ್ತಿದ್ದರು.

ನಾನು ಹೆಸರಿಟ್ಟಿದ್ದೆ. ಐದರಲ್ಲಿ ಎಲ್ಲಕ್ಕಿಂತ ಸಣ್ಣ ಹೆಣ್ಣುಮರಿ, ಹಣೆಯ ಮೇಲೆ ಸುಣ್ಣದ ಬೊಟ್ಟಿನಂಥ ಬಿಳಿ ಗುರುತು. ಹಾಲಿಗೆ ನುಗ್ಗುವಾಗ ಉಳಿದ ನಾಲ್ಕು ಅದನ್ನು ತುಳಿದು ಮುಂದೆ ಹೋಗುತ್ತಿದ್ದವು. ನಾನು ಅದನ್ನು ಎತ್ತಿ ಮತ್ತೆ ಸಾಲಿಗೆ ಸೇರಿಸುತ್ತಿದ್ದೆ. ಯಾರೂ ಇಲ್ಲದಾಗ ಅದರ ಕಿವಿಯಲ್ಲಿ ‘ಚುಕ್ಕಿ’ ಅನ್ನುತ್ತಿದ್ದೆ. ಐದನೆಯ ಮರಿಯನ್ನು ಹೊಸದುರ್ಗದಿಂದಲೂ ಆಚೆಯ, ನಾನು ಹೆಸರೇ ಕೇಳದ ಊರಿನವರು ಕೇಳಿಟ್ಟಿದ್ದರು. ಸಣ್ಣ ಮರಿಯನ್ನು ತಾಯಿ ಯಾವಾಗಲೂ ಕೊನೆಗೇ ಎತ್ತುತ್ತಾಳೆ ಎಂದು ಎಲ್ಲರೂ ಹೇಳುತ್ತಿದ್ದರು. ಚುಕ್ಕಿ ಹೋದರೆ ನಾನು ಅದನ್ನು ಮತ್ತೆ ನೋಡುವುದು ಆಗದ ಮಾತು.

ನನಗೆ ಒಂದು ಗುಟ್ಟು ಗೊತ್ತಿತ್ತು. ಮರಿಗಳಲ್ಲಿ ಯಾವುದು ಜೋರಾಗಿ ಅಳುತ್ತದೋ ಅದರ ಹತ್ತಿರ ಕೆಂಚಿ ಮೊದಲು ಓಡುತ್ತಾಳೆ. ದಿನವೂ ನೋಡಿದ್ದೆ. ಯಾವುದು ಜೋರಾಗಿ ಅಳುತ್ತದೆ? ಹಸಿದದ್ದು.

ಆ ದಿನ ಬೆಳಕು ಹರಿದ ಮೇಲೆ, ಕೆಂಚಿ ಹಾಲು ಕೊಡಲು ಮಲಗುವ ಮೊದಲೇ ಚುಕ್ಕಿಯನ್ನು ಅಂಗಿಯೊಳಗೆ ಹಾಕಿಕೊಂಡು ರೊಪ್ಪಕ್ಕೆ ಹೋದೆ. ಹಿಕ್ಕೆ ತುಂಬುವ ಮಂಕರಿಯನ್ನು ಒಂದು ಮೂಲೆಯಲ್ಲಿ ಬೋರಲು ಹಾಕಿ ಅದರ ಕೆಳಗೆ ಬಚ್ಚಿಟ್ಟೆ. ಮಧ್ಯಾಹ್ನದವರೆಗೆ ಅಲ್ಲಿಯೇ ಇರಬೇಕಿತ್ತು. ನಾನು ಹೊರಗೆ ಕಾವಲು ಕುಳಿತೆ. ಸ್ವಲ್ಪ ಹೊತ್ತು ಅದು ಸುಮ್ಮನಿತ್ತು. ಆಮೇಲೆ ಶುರುವಾಯಿತು. ಅದು ಅಳುವಿನ ಹಾಗೂ ಇರಲಿಲ್ಲ, ಬಾಗಿಲ ತಿರುಗುಣಿ ಕಿರ್ರೆಂದ ಹಾಗೆ. ಮಂಕರಿಯ ಕಿಂಡಿಯಲ್ಲಿ ಬೆರಳು ತೂರಿಸಿದೆ. ಹಲ್ಲಿಲ್ಲದ ಬಾಯಿಂದ ನನ್ನ ಬೆರಳನ್ನೇ ಚೀಪತೊಡಗಿತು. ಬಿಸಿ ನಾಲಿಗೆ. ಬೆರಳಲ್ಲಿ ಏನೂ ಬರುವುದಿಲ್ಲ ಎಂದು ತಿಳಿದು ಬಿಟ್ಟುಬಿಟ್ಟಿತು. ಮತ್ತೆ ಅಳು.

ಮಕ್ಕಳೇ, ಆಗ ನನಗೆ ಎಂಥ ಸಂಕಟವಾಯಿತೆಂದು ಹೇಗೆ ಹೇಳಲಿ? ಅದನ್ನು ಉಳಿಸಿಕೊಳ್ಳಬೇಕೆಂದು ನಾನೇ ಅದರ ಹೊಟ್ಟೆ ಒಣಗಿಸುತ್ತಿದ್ದೆ. ಕೆಂಚಿ ಅಂಗಳದಲ್ಲಿ ನಾಲ್ಕು ಮರಿಗಳಿಗೆ ಹಾಲು ಕೊಡುತ್ತಾ ತಲೆ ಎತ್ತಿ ರೊಪ್ಪದ ಕಡೆ ಕಿವಿ ನಿಮಿರಿಸುತ್ತಿದ್ದಳು. ಎದ್ದು ಬರಲು ನೋಡಿದರೆ ಅಪ್ಪ ಕಟ್ಟಿದ ಹಗ್ಗ ಜಗ್ಗುತ್ತಿತ್ತು. ನಾನು ಕಿವಿ ಮುಚ್ಚಿಕೊಂಡೆ. ಆಮೇಲೆ ಅಲ್ಲಿ ಕೂರಲಾಗದೆ ಎದ್ದು ಊರ ಬಾವಿಯವರೆಗೆ ಹೋಗಿಬಿಟ್ಟೆ.

ವಾಪಸ್ಸು ಬರುವಷ್ಟರಲ್ಲಿ ರಾಮಗಿರಿಯ ಮಾವ ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ಅಮ್ಮನ ಅಣ್ಣ ಅವರು. ಎರಡನೆಯ ಮರಿ ಅವರಿಗೆಂದು ಮೊದಲೇ ಮಾತಾಗಿತ್ತು. ರೈಲಿನ ಕರಿ ಇನ್ನೂ ಅವರ ಬಿಳಿ ಪಂಚೆಯ ಮೇಲಿತ್ತು. ಕಾಯಿ, ರಾಗಿ ಎಲ್ಲ ಮುಂದಿಟ್ಟುಕೊಂಡಿದ್ದರೂ ಅವರ ಕಣ್ಣು ಮೊದಲು ಹೋಗುವಂಥ ಮರಿಯ ಮೇಲೇ ಇತ್ತು. ದಪ್ಪಗಿದ್ದ ಕಂದು ಮರಿಯೊಂದನ್ನು ತೋರಿಸಿ, “ಯಜಮಾನ್ರೆ, ಈ ಗೌಡ ಮೊದ್ಲು ಎದ್ದು ಹೋಗ್ತಾನೆ ನೋಡ್ರಿ. ನಿಮ್ಮ ಅದೃಷ್ಟ” ಎಂದು ಅಜ್ಜನ ಕಾಲೆಳೆದರು.

“ಕೆಂಚಿ ಹೇಳ್ಲಿ ತಡಿ. ನೀನ್ಯಾಕೆ ಬಾಣಂತಿ ಆಗ್ತೀಯ?” ಅಂದರು ಅಜ್ಜ. ಅಪ್ಪ ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು.

ನಾನು ಮೆಲ್ಲಗೆ ರೊಪ್ಪಕ್ಕೆ ಹೋಗಿ ಮಂಕರಿ ಎತ್ತಿದೆ. ಚುಕ್ಕಿ ಅಳುತ್ತಿರಲಿಲ್ಲ. ಕಾಲು ಚಾಚಿ ಮಲಗಿತ್ತು. ಸತ್ತುಹೋಯಿತೇನೋ ಅಂದುಕೊಂಡೆ. ಹೊಟ್ಟೆ ಮುಟ್ಟಿದೆ. ಬಿಸಿಯಾಗಿ, ಗುಂಡಗೆ, ಬಿಗಿಯಾಗಿ ಇತ್ತು. ಗೊರಕೆ ಹೊಡೆಯುತ್ತಿತ್ತು. ಹಸಿದ ಮರಿಯ ಹೊಟ್ಟೆ ಇಷ್ಟು ಗುಂಡಗೆ ಹೇಗಾಯಿತು ಎಂದು ಯೋಚಿಸಲು ಸಮಯವಿರಲಿಲ್ಲ. “ಮರಿ ತರ್ರಿ” ಎಂದು ಅಜ್ಜ ಕೂಗಿದರು. ಅಕ್ಕ ನಾಲ್ಕು ಮರಿಗಳನ್ನು ಮಡಿಲಲ್ಲಿ ತಂದಳು, ನಾನು ಒಂದನ್ನು. ನನ್ನ ಮುಖ ನೋಡಿ ಅವಳು ಬೇಗ ಕಣ್ಣು ತಪ್ಪಿಸಿದಳು. ಆಗ ಅದು ನನಗೆ ಅರ್ಥವಾಗಲಿಲ್ಲ.

ಬೇವಿನ ಮರದ ಕೆಳಗೆ ಕಂಬಳಿ ಹಾಸಿತ್ತು. ನಾಲ್ಕು ಮರಿಗಳು ಉಣ್ಣೆಯ ಒರಟು ಸೋಕಿದ ಕೂಡಲೇ ಕುಂಯ್‌ಗುಟ್ಟುತ್ತಾ ಕುರುಡರ ಹಾಗೆ ತಡಕಾಡತೊಡಗಿದವು. ಕಂದು ಮರಿಯ ಗಂಟಲು ಎಲ್ಲಕ್ಕಿಂತ ಜೋರು. ಚುಕ್ಕಿ ಮಾತ್ರ ಹಾಕಿದಲ್ಲೇ ನಿದ್ದೆ. ನನ್ನ ಉಪಾಯ ಮುಗಿಯಿತು ಅನ್ನಿಸಿತು. ಒಂದು ಸಲ ಅಳು ಚುಕ್ಕಿ, ಒಂದೇ ಸಲ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅದು ನಿದ್ದೆಯಲ್ಲಿ ನಾಲಿಗೆ ಚಪ್ಪರಿಸಿತು.

ಅಪ್ಪ ಹಗ್ಗ ಬಿಚ್ಚಿದರು. ಕೆಂಚಿ ಮೂರು ನೆಗೆತಕ್ಕೆ ಕಂಬಳಿಯ ಹತ್ತಿರ ಬಂದಳು. ನೇರ ಕಂದು ಮರಿಯ ಬಳಿ ಹೋಗಿ ಅದರ ಕತ್ತನ್ನು ಮೂಸಿದಳು. ಮಾವ “ನಾನು ಹೇಳ್ಲಿಲ್ವಾ” ಎಂದು ತೊಡೆ ತಟ್ಟಿದರು. ಅಷ್ಟರಲ್ಲಿ ಕೆಂಚಿ ತಲೆ ಎತ್ತಿದಳು. ಮೂಗಿನ ಹೊಳ್ಳೆಗಳು ಅಲುಗಿದವು. ತಿರುಗಿ ಚುಕ್ಕಿಯ ಬಳಿ ಬಂದಳು. ಮೂಸಿದಳು. ಮತ್ತೆ ಮೂಸಿದಳು. ಬೆನ್ನಿನ ಕೂದಲು ನೆಟ್ಟಗಾಯಿತು. ಕಚ್ಚಿಬಿಡುತ್ತಾಳೋ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಜ್ಜ ಕೈ ಅಡ್ಡ ಹಿಡಿದರು. ಕೆಂಚಿ ಚುಕ್ಕಿಯ ಬಾಯನ್ನು ಒಂದು ಸಲ ನೆಕ್ಕಿದಳು. ಕತ್ತಿನ ಸಡಿಲ ಚರ್ಮವನ್ನು ಹಲ್ಲಿನ ತುದಿಯಲ್ಲಿ ಹಿಡಿದು ಎತ್ತಿ, ಯಾರನ್ನೂ ನೋಡದೆ ಗೂಡಿಗೆ ನಡೆದುಬಿಟ್ಟಳು.

ಆಮೇಲೆ ಮಾವ ದೊಡ್ಡದಾಗಿ ನಕ್ಕರು. “ಯಜಮಾನ್ರೆ, ನಿಮ್ಮ ಕೆಂಚಿಗೆ ವಯಸ್ಸಾತು. ಮೂಗು ಹೋಗೈತೆ. ಇಂಥ ಗೌಡನ್ನ ಬಿಟ್ಟು ಆ ಹುಳಾನ ಎತ್ಕಂಡು ಹೋದ್ಳಲ್ಲ! ಏಳು ತಲೆಯ ಜಾತಿ ನಾಯಿ ಅಂತೀರಿ, ನಮ್ಮೂರ ಸಂತೆ ನಾಯಿನೂ ಇಂಥ ತಪ್ಪು ಮಾಡಲ್ಲ.”

ಅಜ್ಜನ ಮುಖ ಸಣ್ಣದಾಯಿತು. ನನಗೆ ಬೇಕಾದದ್ದು ಆಗಿತ್ತು. ಚುಕ್ಕಿ ಉಳಿದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಕೆಂಚಿಯ ಮೂಗು ಹೋಗಿದೆ ಅಂದರೆ ಹೇಗೆ ಸುಮ್ಮನಿರಲಿ? ನಾನು ಅಳುತ್ತಾ ಎಲ್ಲ ಹೇಳಿಬಿಟ್ಟೆ. ಮಂಕರಿ, ಹಸಿವು, ಬೆರಳು, ಹೆಸರಿಟ್ಟಿದ್ದು ಕೂಡ. “ಕೆಂಚಿದೇನೂ ತಪ್ಪಿಲ್ಲ ಅಜ್ಜ, ನಾನೇ ಮೋಸ ಮಾಡಿದ್ದು” ಅಂದೆ.

“ಹಸ್ದಿದ್ರೆ ಅಳಬೇಕಿತ್ತಲ್ಲೋ. ಅದು ನಿದ್ದೆ ಹೊಡೀತಿತ್ತು” ಅಂದರು ಅಪ್ಪ.

ಆಗ ಅಕ್ಕ ಲಂಗದ ಅಂಚನ್ನು ಬೆರಳಿಗೆ ಸುತ್ತುತ್ತಾ ಮುಂದೆ ಬಂದಳು. ನನಗಿಂತ ಐದು ವರ್ಷ ದೊಡ್ಡವಳು. “ರೊಪ್ಪದಾಗೆ ಅಳ್ತಿತ್ತು. ತಮ್ಮ ಎಲ್ಲೋ ಹೋಗಿದ್ದ. ಈದಿರೋ ಕುರಿ ಒಂದನ್ನ ಹಿಂಡಿ, ಬಟ್ಟೆ ಬತ್ತಿ ಮಾಡಿ ಕುಡಿಸ್ದೆ” ಅಂದಳು. “ಹೊಟ್ಟೆ ತುಂಬ.”

ಮಾವ ಎದ್ದು ನಿಂತರು. “ಹಂಗಾರೆ ಇದು ಲೆಕ್ಕಕ್ಕಿಲ್ಲ. ಇನ್ನೊಂದು ಸಲ ಬಿಡ್ರಿ.”

ಅಜ್ಜ ಗೂಡಿನ ಹತ್ತಿರ ಹೋಗಿ, ಕೆಂಚಿಯ ತಲೆ ಸವರಿ, ಚುಕ್ಕಿಯನ್ನು ಎತ್ತಿ ಅದರ ಬಾಯನ್ನು ತಮ್ಮ ಮೂಗಿಗೆ ಹಿಡಿದರು. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದರು. ಮಾವನ ಮೂಗಿಗೂ ಹಿಡಿದರು. ಆಮೇಲೆ ನನ್ನ ಮೂಗಿಗೆ. ನೊರೆಹಾಲಿನ ಸಿಹಿ, ಅದರ ಹಿಂದೆ ಉಣ್ಣೆಯ ಜಿಡ್ಡು. ಕುರಿ ಹಾಲು. ಆ ವಾಸನೆ ಇವತ್ತಿಗೂ ನನಗೆ ಬೇಕೆಂದಾಗ ಬರುತ್ತದೆ.

“ಇವನು ಉಪವಾಸ ಕೆಡವಿದ, ಅವಳು ಹೊಟ್ಟೆ ತುಂಬಿಸಿದಳು. ಒಂದಕ್ಕೊಂದು ಸರಿಹೋತು” ಅಂದರು ಅಜ್ಜ. “ಉಳಿದಿದ್ದು ಕೆಂಚಿ ಮೂಗು. ತನ್ನ ಮರಿ ಬಾಯಾಗೆ ಕುರಿ ವಾಸ್ನೆ ಬಂದ್ರೂ ಅವಳು ಬಿಟ್ಟು ಹೋಗ್ಲಿಲ್ಲ. ಅದನ್ನೇ ಮೊದ್ಲು ಎತ್ಕಂಡ್ಳು. ನಮಗೆ ಮೊಲ ಹಿಡಿಯೋ ನಾಯಿ ಬೇಕಾಗೈತೋ, ಕುರಿ ಕಾಯೋ ನಾಯಿ ಬೇಕಾಗೈತೋ? ಕುರಿ ಹಾಲು ಕುಡಿದದ್ದು ಕುರಿ ಬಿಟ್ಟು ಹೋಗಲ್ಲ.”

“ಅಂದ್ರೆ ನನಗೆ ಆ ಗೌಡ?” ಅಂದರು ಮಾವ, ಮೆತ್ತಗೆ.

“ಕೆಂಚಿ ಎರಡನೇದು ಎತ್ತಿದ್ರೆ ನಿಂದೇ. ಕುಂತ್ಕಳಪ್ಪ.”

ಅಪ್ಪ ಕೆಂಚಿಯನ್ನು ಮತ್ತೆ ಬಿಟ್ಟರು. ಎರಡನೆಯದಾಗಿ ಕಂದು ಮರಿಯೇ ಹೋಯಿತು. ಮಾವ ಕಾಯನ್ನು ಅಜ್ಜನ ಕೈಗಿಟ್ಟು, ಬಗ್ಗಿ ಕೆಂಚಿಯ ಮುಂದೆ ಕೈ ಮುಗಿದು, “ತಪ್ಪಾತು ತಾಯಿ, ಮೂಗು ಹೋಗಿದ್ದು ನಂದು” ಅಂದರು. ಎಲ್ಲರೂ ನಕ್ಕರು. ಅಜ್ಜ ಚುಕ್ಕಿಯ ಕೊರಳಿಗೆ ಕರಿ ದಾರ ಕಟ್ಟಿದರು. ಆಮೇಲೆ ನನ್ನ ಕಡೆ ತಿರುಗಿದರು. “ಮರಿ ಎಷ್ಟೊತ್ತು ಹಸ್ದಿತ್ತೋ ಅಷ್ಟೊತ್ತು ನಿನಗೂ ಊಟ ಇಲ್ಲ. ಹೋಗು.”

ಒಳಗೆ ಎಲ್ಲರೂ ಮುದ್ದೆ, ಹುರುಳಿ ಸಾರು ಉಣ್ಣುತ್ತಿದ್ದರು. ಸಾರಿನ ಒಗ್ಗರಣೆಯ ಘಮ ರೊಪ್ಪದವರೆಗೆ ಬರುತ್ತಿತ್ತು. ನಾನು ಅದೇ ಮಂಕರಿಯ ಪಕ್ಕ ಕುಳಿತಿದ್ದೆ. ಸ್ವಲ್ಪ ಹೊತ್ತಿಗೆ ಅಕ್ಕ ಬೇಲಿಯ ಸಂದಿನಿಂದ ಕೈ ಚಾಚಿದಳು. ಕೈಯಲ್ಲಿ ಮಡಿಸಿದ ಜೋಳದ ರೊಟ್ಟಿ. “ಲೇ ತಮ್ಮ, ಬೇಗ ತಿನ್ನು, ಅಜ್ಜ ಕೈ ತೊಳೀತಾರೆ” ಅಂದಳು. ಅಜ್ಜ ಆಗಲೇ ಕೈ ತೊಳೆದು ಕಟ್ಟೆಯ ಮೇಲೆ ನಿಂತಿದ್ದರು. ನಮ್ಮನ್ನು ನೋಡಿದ ಕೂಡಲೇ ಕೋಟೆಯ ಗುಡ್ಡದ ಕಡೆ ಮುಖ ಮಾಡಿ, ಅಲ್ಲಿ ಮೋಡವಿದೆಯೋ ಇಲ್ಲವೋ ಎಂದು ಬಹಳ ಹೊತ್ತು ಹುಡುಕಿದರು. ಅದು ಬಿರುಬಿಸಿಲಿನ ಕಾಲ.

ಮುಂದೆ ಚುಕ್ಕಿ ತೋಳವನ್ನು ಕೊಂದಳು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಅವಳ ಕಾಲು ಗಿಡ್ಡ, ಓಟ ಸಾಧಾರಣ. ಒಂದು ಮೊಲವನ್ನೂ ಹಿಡಿದದ್ದು ನನಗೆ ನೆನಪಿಲ್ಲ. ಆದರೆ ಒಮ್ಮೆ ಕುಂಟು ಕುರಿಯೊಂದು ಹಿಂದೆ ಉಳಿದುಬಿಟ್ಟಾಗ, ಅಪ್ಪ ಹುಡುಕಿಕೊಂಡು ಹೋಗುವವರೆಗೆ ದಿನವಿಡೀ ತಂಗಡಿ ಗಿಡದ ಬಳಿ ಅದರ ಪಕ್ಕವೇ ಕುಳಿತಿದ್ದಳು. ನೀರೂ ಕುಡಿದಿರಲಿಲ್ಲ. ಆವತ್ತಿನಿಂದ ಅಜ್ಜನ ಮಗ್ಗಿ ಉದ್ದವಾಯಿತು. ಬಂದವರ ಮುಂದೆ ಒಪ್ಪಿಸುವಾಗ ಮೊದಲು ಅವಳಿಂದಲೇ ಶುರು ಮಾಡುತ್ತಿದ್ದರು. “ಎಂಟನೆಯೋಳು ಚುಕ್ಕಿ. ಕುರಿ ಹಾಲು ಕುಡಿದೋಳು. ನಮ್ಮ ಮೊಮ್ಮಕ್ಕಳು ಮೋಸ ಮಾಡಿ ಉಳಿಸಿಕೊಂಡೋಳು. ಚುಕ್ಕಿ ತಾಯಿ ಕೆಂಚಿ. ಕೆಂಚಿ ತಾಯಿ ಬೂದಿ...” ಮೋಸವನ್ನು ಅವರು ಎಂದೂ ಬಿಡುತ್ತಿರಲಿಲ್ಲ. ಹೇಳುವಾಗ ನಮ್ಮಿಬ್ಬರ ತಲೆಯ ಮೇಲೆ ಒಂದೊಂದು ಕೈ ಇಡುತ್ತಿದ್ದರು.

ಇದನ್ನು ಬರೆಯುವ ಮೊದಲು ಅಕ್ಕನಿಗೆ ಫೋನ್ ಮಾಡಿದೆ. ಅವಳು ಈಗ ಹೊಸದುರ್ಗದಲ್ಲಿದ್ದಾಳೆ. “ನಾನೆಲ್ಲಿ ಹಾಲು ಕುಡಿಸಿದ್ನೋ? ಅಮ್ಮ ಇರಬೇಕು” ಅಂದುಬಿಟ್ಟಳು. ಅಮ್ಮನನ್ನು ಕೇಳೋಣವೆಂದರೆ ಅಮ್ಮ ಇಲ್ಲ. ನಾನು ಇಷ್ಟು ವರ್ಷ ನೆನಪೆಂದುಕೊಂಡದ್ದು ನಾನೇ ಕಟ್ಟಿದ ಕಥೆಯೇ? ಅವಳೇ ಮತ್ತೆ ಹೇಳಿದಳು, “ಕುಡಿಸಿದ್ದು ನೆನಪಿಲ್ಲ ಕಣೋ. ಆದ್ರೆ ಲಂಗ ಎಲ್ಲ ಕುರಿ ಹಾಲು ನಾರ್ತೈತೆ ಅಂತ ಅಮ್ಮ ಬೈದಿದ್ದು ಮಾತ್ರ ನೆನಪೈತೆ.” ನನಗೆ ಅಷ್ಟು ಸಾಕಾಯಿತು.

ಈ ಕಥೆಯನ್ನು ನಾನು ಮೊದಲು ಹೇಳಿದ್ದು ನನ್ನ ಮೊಮ್ಮಗಳಿಗೆ. ಅವರ ಮನೆಯಲ್ಲಿ ಬಿಸ್ಕೆಟ್ ಎಂಬ ಲ್ಯಾಬ್ರಡಾರ್ ಇದೆ. ಅದರ ಹಿರಿಯರು ಚಳಿಯ ಸಮುದ್ರದಲ್ಲಿ ಮೀನುಗಾರರ ಬಲೆ ಎಳೆಯುತ್ತಿದ್ದರು ಎಂದು ಅವಳೇ ನನಗೆ ಹೇಳಿಕೊಟ್ಟಳು. ಈಗ ಅದು ಫ್ಯಾನಿನ ಕೆಳಗೆ ತಣ್ಣನೆಯ ಟೈಲ್ಸ್ ಹುಡುಕಿ ಮಲಗುತ್ತದೆ. ಎಳೆಯುವುದು ಅಂದರೆ ಅವಳ ಕಾಲುಚೀಲ ಮಾತ್ರ. ಅದಕ್ಕೆ ತೋಳ ಗೊತ್ತಿಲ್ಲ, ಕುರಿಯೂ ಗೊತ್ತಿಲ್ಲ. ಕೇಳಿದಾಗಲೆಲ್ಲ ಹಾಲು, ಹುಷಾರಿಲ್ಲದಿದ್ದರೆ ಡಾಕ್ಟರು. ನನಗೆ ಅದರಲ್ಲಿ ಏನೂ ಬೇಸರವಿಲ್ಲ. ಚುಕ್ಕಿಗೂ ಅಂಥ ತಣ್ಣನೆಯ ನೆಲ ಸಿಕ್ಕಿದ್ದರೆ ಚೆನ್ನಾಗಿರುತ್ತಿತ್ತು.

“ತಾತ, ಬಿಸ್ಕೆಟ್‌ಗೆ ಸರ್ಟಿಫಿಕೇಟ್ ಇದೆ. ನಿಮ್ಮ ಕೆಂಚಿಗೆ ಇತ್ತಾ?” ಎಂದು ಕೇಳಿದ್ದಳು. ಅದಕ್ಕೇ ಇಷ್ಟೆಲ್ಲ ಹೇಳಬೇಕಾಯಿತು. ಕೇಳಿ ಮುಗಿದ ಮೇಲೆ ಅವಳು ಆ ಕಾಗದವನ್ನು ತಂದು ನನ್ನ ಮುಂದೆ ಬಿಡಿಸಿದಳು. ಗಟ್ಟಿ ಕಾಗದ, ಬಂಗಾರದ ಬಣ್ಣದ ಅಂಚು. ಬಿಸ್ಕೆಟ್‌ನ ತಾಯಿ, ತಂದೆ, ಅಜ್ಜಿ, ಮುತ್ತಜ್ಜಿ, ಎಲ್ಲರ ಹೆಸರೂ ಅಚ್ಚಾಗಿತ್ತು. ಒಂದೊಂದು ಹೆಸರೂ ರೈಲಿನಷ್ಟು ಉದ್ದ. ನಮ್ಮ ಅಜ್ಜನ ಬಾಯಿಲೆಕ್ಕಕ್ಕಿಂತ ಇದು ಖಚಿತ, ಅದನ್ನು ಒಪ್ಪಲೇಬೇಕು. ಅವಳು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದಳು. ಏನನ್ನೋ ಹುಡುಕುತ್ತಿದ್ದಳು.

“ಇದರಲ್ಲಿ ಮನೆ ಮಕ್ಕಳೇ ಇಲ್ಲವಲ್ಲ ತಾತ” ಅಂದಳು.

ಬಿಸ್ಕೆಟ್ ಮನೆಗೆ ಬಂದ ಮೊದಲ ವಾರ ಏನೂ ತಿನ್ನದೆ ಮೂಲೆ ಹಿಡಿದಿತ್ತು. ಇವಳು ಶಾಲೆಗೂ ಹೋಗದೆ ಪಕ್ಕದಲ್ಲಿ ಕುಳಿತು ಚಮಚದಲ್ಲಿ ಹಾಲು ಕುಡಿಸಿದ್ದಳು. ನನಗೆ ಅದು ಗೊತ್ತಿತ್ತು. ಅವಳು ಕಂಪಾಸ್ ಬಾಕ್ಸಿನಿಂದ ಪೆನ್ಸಿಲ್ ತೆಗೆದಳು. ಬೇಡ, ಅಪ್ಪ ಬೈತಾರೆ ಎಂದು ಹೇಳಲು ಬಾಯಿ ತೆರೆದೆ. ಆಮೇಲೆ ಕಿಟಕಿಯ ಕಡೆ ತಿರುಗಿ, ಮೋಡವಿದೆಯೋ ಇಲ್ಲವೋ ಎಂದು ನೋಡತೊಡಗಿದೆ. ಹಿಂದೆ ಪೆನ್ಸಿಲಿನ ಸದ್ದು ಕೇಳುತ್ತಿತ್ತು. ಅವಳು ಎದ್ದು ಹೋದ ಮೇಲೆ ನೋಡಿದೆ. ಬಂಗಾರದ ಅಂಚಿನ ಪಕ್ಕ, ದುಂಡಗಿನ ಅಕ್ಷರದಲ್ಲಿ, ‘ಹಾಲು ಕುಡಿಸಿದ್ದು ನಾನು’ ಎಂದು ಬರೆದಿತ್ತು.